ರೂಮಿನ ಕಂಪ್ಯೂಟರ್ ಎಷ್ಟು ಕರೆಂಟ್ ಎಳೆಯುತ್ತದೆ?

ದುಬೈಯಲ್ಲಿ ಐದಾರು ಮಂದಿ ಸೇರಿ ರೂಮ್ ಮಾಡಿಕೊಂಡವರಿಗೆ ಸೆಕೆಗಾಲದ ಬಿಲ್ ಬಂದಾಗ ಒಂದು ಮಾತು ಕೇಳಿ ಅಭ್ಯಾಸ: "ನಿನ್ನ ಕಂಪ್ಯೂಟರ್‌ನಿಂದಲೇ ಬಿಲ್ ಏರಿದ್ದು. ಡಬ್ಬದ ಮೇಲೆ 550 ವ್ಯಾಟ್ ಅಂತ ಬರೆದಿದೆ, ಐವತ್ತು ದಿರ್ಹಮ್ ಜಾಸ್ತಿ ಕೊಡು." ಕೊಡುವ ಮೊದಲು ಲೆಕ್ಕ ಹಾಕಿ ನೋಡಿ.

ಆ 550 ಅನ್ನುವುದು ಪವರ್ ಸಪ್ಲೈ ಹೆಚ್ಚೆಂದರೆ ಎಷ್ಟು ಕೊಡಬಲ್ಲದು ಎಂಬ ಅಂಕಿ. ಅಷ್ಟೂ ಖರ್ಚಾಗುತ್ತದೆ ಅಂತಲ್ಲ. ಇಪ್ಪತ್ತು ಲೀಟರ್ ಕ್ಯಾನ್ ಇದೆ ಅಂದ ಮಾತ್ರಕ್ಕೆ ದಿನಾ ಇಪ್ಪತ್ತು ಲೀಟರ್ ಕುಡಿಯುತ್ತೇವೆಯೇ?

ಮದರ್‌ಬೋರ್ಡ್ ಮೇಲೂ ಸುಮ್ಮನೆ ಅಪವಾದ ಬರುತ್ತದೆ. ಪ್ರೊಸೆಸರ್, ಮೆಮೊರಿ, ಫ್ಯಾನ್ ಎಲ್ಲದಕ್ಕೂ ಕರೆಂಟ್ ಹೋಗುವುದು ಅದರ ಮೂಲಕ. ಆದರೆ ಹಾದುಹೋಗುವುದು ಬೇರೆ, ತಾನೇ ಖರ್ಚು ಮಾಡುವುದು ಬೇರೆ. ಚಿಪ್‌ಸೆಟ್, ಸೌಂಡ್, ನೆಟ್‌ವರ್ಕ್ ಚಿಪ್‌ಗಳು, ವೋಲ್ಟೇಜ್ ಇಳಿಸುವಾಗ ಬಿಸಿಯಾಗಿ ಹೋಗುವ ಪಾಲು, ಎಲ್ಲ ಸೇರಿದರೂ ಸಾಮಾನ್ಯ ಬೋರ್ಡಿಗೆ ಸುಮಾರು 20ರಿಂದ 40 ವ್ಯಾಟ್. ನಿಜವಾಗಿ ಎಳೆಯುವುದು ಗೇಮ್ ಆಡುವವರ ಗ್ರಾಫಿಕ್ಸ್ ಕಾರ್ಡ್. ಅದೊಂದೇ 150, 200 ವ್ಯಾಟ್ ದಾಟಬಹುದು.

ಈಗ ಬಿಲ್. 1,000 ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಊರಿಗೆ ವಿಡಿಯೋ ಕಾಲ್, ಸಿನಿಮಾ, ಟೈಪಿಂಗ್ ಕೆಲಸಕ್ಕೆ ಮಾನಿಟರ್ ಸೇರಿ 100 ವ್ಯಾಟ್ ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಗಂಟೆ, ಮೂವತ್ತು ದಿನ: 12 ಯೂನಿಟ್. ದುಬೈ ಮನೆ ಬಳಕೆಯ ಮೊದಲ ಹಂತದ ದರ ಯೂನಿಟ್‌ಗೆ 23 ಫಿಲ್ಸ್. 12 ಯೂನಿಟ್‌ಗೆ 2 ದಿರ್ಹಮ್ 76 ಫಿಲ್ಸ್ ಆಯ್ತು. ಇದರ ಮೇಲೆ ಇಂಧನ ಸರ್‌ಚಾರ್ಜ್, ವ್ಯಾಟ್ ತೆರಿಗೆ ಬೇರೆ. ಗೇಮ್ ಆಡಿ 300 ವ್ಯಾಟ್ ಎಳೆದರೂ 8 ದಿರ್ಹಮ್ ಚಿಲ್ಲರೆ.

ಇನ್ನು ಒಂದೂವರೆ ಟನ್ನಿನ ಹಳೇ ವಿಂಡೋ ಎಸಿ ನೋಡಿ. ಕಂಪ್ರೆಸರ್ ಓಡುವಾಗ ಸುಮಾರು 1,800 ವ್ಯಾಟ್. ದಿನಕ್ಕೆ ಒಟ್ಟು ಹತ್ತು ಗಂಟೆ ಓಡಿದರೆ ತಿಂಗಳಿಗೆ 540 ಯೂನಿಟ್, ಅಂದರೆ 124 ದಿರ್ಹಮ್. ಬಿಲ್ ಏರಿದ್ದು ಎಲ್ಲಿಂದ ಅಂತ ಇನ್ನು ಹೇಳಬೇಕಿಲ್ಲ. ಎಸಿ ಫಿಲ್ಟರ್ ತೊಳೆದು ಎಷ್ಟು ದಿನ ಆಯ್ತು ಅಂತ ರೂಮಿನವರನ್ನು ಒಮ್ಮೆ ಕೇಳಿ.

ಹಾಗಂತ ಇಪ್ಪತ್ನಾಲ್ಕು ಗಂಟೆ ಕಂಪ್ಯೂಟರ್ ಬಿಟ್ಟಿರಬೇಡಿ. ಸುಮ್ಮನೆ 60 ವ್ಯಾಟ್ ಎಳೆದರೂ ತಿಂಗಳಿಗೆ 43 ಯೂನಿಟ್, ಹತ್ತು ದಿರ್ಹಮ್. ಅದನ್ನು ಉಳಿದವರು ಕೇಳಿದರೆ ತಪ್ಪಿಲ್ಲ. ಶಟ್‌ಡೌನ್ ಮಾಡಿದ ಮೇಲೂ ಕೆಲವು ಬೋರ್ಡಿನಲ್ಲಿ ಸಣ್ಣ ದೀಪ ಉರಿಯುತ್ತಿರುತ್ತದೆ. ಒಂದೆರಡು ವ್ಯಾಟ್ ಅಷ್ಟೆ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಅದೂ ನಿಲ್ಲುತ್ತದೆ.

ಬಿಲ್ಲಿಗಿಂತ ಹೆದರಬೇಕಾದ್ದು ಎಕ್ಸ್‌ಟೆನ್ಶನ್ ಬೋರ್ಡಿಗೆ. ಇಲ್ಲಿನ ಮೂರು ಪಿನ್ ಪ್ಲಗ್‌ನ 13 ಆಂಪ್ ಫ್ಯೂಸ್ ಸುಮಾರು 3,000 ವ್ಯಾಟ್‌ವರೆಗೆ ತಡೆಯುತ್ತದೆ. ಕಂಪ್ಯೂಟರ್ ಇರುವ ಬೋರ್ಡಿಗೇ ಕೆಟಲ್, ಇಸ್ತ್ರಿಪೆಟ್ಟಿಗೆ ಎರಡನ್ನೂ ಚುಚ್ಚಿದರೆ ಅಷ್ಟು ದಾಟಿತು ಅಂತಲೇ. ಅಗ್ಗದ ಬೋರ್ಡ್ ಆದರೆ ಫ್ಯೂಸ್ ಹೋಗುವ ಮೊದಲೇ ಒಳಗಿನ ತಂತಿ ಬಿಸಿಯಾಗಿ ಕರಗಬಹುದು. ಕೈ ಇಟ್ಟಾಗ ಬೋರ್ಡ್ ಬೆಚ್ಚಗಿದ್ದರೆ ತಕ್ಷಣ ಸ್ವಿಚ್ ಆಫ್ ಮಾಡಿ. ಕೆಟಲ್ಲು, ಇಸ್ತ್ರಿಪೆಟ್ಟಿಗೆ ನೇರ ಗೋಡೆಯ ಸಾಕೆಟ್‌ಗೇ ಹಾಕಿ.

ರೂಮಿನವರು ಇಷ್ಟಕ್ಕೂ ನಂಬದಿದ್ದರೆ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ಸಿಗುತ್ತದೆ. ಎಲ್ಲರೂ ಸೇರಿ ಒಂದು ಕೊಳ್ಳಿ. ಒಂದು ವಾರ ಕಂಪ್ಯೂಟರ್‌ಗೆ ಹಾಕಿಟ್ಟು, ಯೂನಿಟ್ ಅಂಕಿಯನ್ನು ಎಲ್ಲರೆದುರು ಓದಿ ಬರೆದಿಡಿ.