ದಪ್ಪ ಅಟ್ಟೆಯ ಶೂ: ಮೆತ್ತಗಿದ್ದರೆ ಸಾಲದು, ನೆಟ್ಟಗೆ ನಿಲ್ಲಬೇಕು

ಕುಂದಾಪುರ ಪೇಟೆಯ ಅಂಗಡಿಯಲ್ಲಾಗಲಿ, ಗುಲ್ವಾಡಿಯ ಮನೆಗೆ ಕೊರಿಯರ್‌ನಲ್ಲಿ ಬಂದ ಪೆಟ್ಟಿಗೆಯ ಎದುರಾಗಲಿ, ದಪ್ಪ ಅಟ್ಟೆಯ ಶೂ ಕಂಡವರು ಮಾಡುವುದು ಒಂದೇ ಕೆಲಸ. ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಾರೆ, ಕಾಲಿಗೆ ಹಾಕಿ ಎರಡು ಸಲ ಕುಪ್ಪಳಿಸುತ್ತಾರೆ, ‘ಎಷ್ಟ್ ಮೆತ್ತಗಿತ್ತ್ ಕಾಣಿ’ ಎನ್ನುತ್ತಾರೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಆಮೇಲೆ ಕಾಲು ಉಳುಕಿತು, ಮೀನಖಂಡ ಹಿಡಿಯಿತು ಎಂಬ ದೂರು ಶುರು. ಮೆತ್ತಗಿರುವುದು ಈ ಶೂಗಳ ಹುಟ್ಟುಗುಣ. ಅದನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ. ನೋಡಬೇಕಾದದ್ದು ಬೇರೆ.

ಹಿಮ್ಮಡಿಯ ಕೆಳಗೆ ಸುಮಾರು 35 ಮಿ.ಮೀ. ಮೀರಿ ದಪ್ಪವಿದ್ದರೆ ಅದು ಈ ಗುಂಪಿನದು ಎನ್ನಬಹುದು. 2009ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಹೋಕಾ ಕಂಪನಿ ಇದನ್ನು ಜನಪ್ರಿಯಗೊಳಿಸಿತು. ಈಗ ಎಲ್ಲ ದೊಡ್ಡ ಕಂಪನಿಗಳೂ ತಯಾರಿಸುತ್ತವೆ. ರಸ್ತೆ ಓಟದ ಸ್ಪರ್ಧೆಗಳಿಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ 40 ಮಿ.ಮೀ. ಮಿತಿ ಹಾಕಿತು. ಲಕ್ಸೆಂಬರ್ಗಿನಲ್ಲಿ 848 ಹವ್ಯಾಸಿ ಓಟಗಾರರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಟ್ಟಿ ಅಟ್ಟೆಯವರಿಗಿಂತ ಮೆತ್ತನೆಯ ಅಟ್ಟೆಯವರಿಗೆ ಗಾಯ ಕಡಿಮೆ. 2018ರ ಫಿನ್ಲೆಂಡಿನ ಅಧ್ಯಯನದಲ್ಲಿ, ಜೋರಾಗಿ ಓಡಿದಾಗ ಅತಿ ದಪ್ಪ ಶೂನಲ್ಲಿ ಕಾಲಿಗೆ ಬೀಳುವ ಪೆಟ್ಟು ಹೆಚ್ಚೇ ಇತ್ತು. ಎಂದರೆ ಇದು ಔಷಧಿಯೂ ಅಲ್ಲ, ಮೋಸವೂ ಅಲ್ಲ. ಹಿಮ್ಮಡಿ ನೋವು ಇದರಿಂದಲೇ ಗುಣವಾಗುತ್ತದೆ ಎಂದು ಮಾರುವವರನ್ನು ನಂಬಬೇಡಿ.

1. ಎಲ್ಲಿ ಓಡುತ್ತೀರಿ?

ಶೂ ನೋಡುವ ಮೊದಲು ನಿಮ್ಮ ದಾರಿ ನೋಡಿ. ಕಾಂಕ್ರೀಟ್ ರಸ್ತೆ, ಹೆದ್ದಾರಿಯ ಸರ್ವಿಸ್ ರಸ್ತೆ, ಕುಂದಾಪುರದ ಗಾಂಧಿ ಮೈದಾನವಾದರೆ ದಪ್ಪ ಅಟ್ಟೆಗೆ ಅರ್ಥವಿದೆ. ಕೋಡಿಯ ಮರಳು, ಗದ್ದೆಯ ಅಂಚು, ಮುರಕಲ್ಲಿನ ಗುಡ್ಡೆಗೆ ಇದು ಬೇಡ.

2. ಅಳತೆ

ಸಂಜೆ ಹೋಗಿ, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಒಯ್ಯಿರಿ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು. ಯುಕೆ ಅಳತೆಗೂ ಯುಎಸ್ ಅಳತೆಗೂ ವ್ಯತ್ಯಾಸವಿದೆ; ಸೆಂಟಿಮೀಟರ್ ನೋಡಿ ಕೊಳ್ಳುವುದು ಸುರಕ್ಷಿತ. ಬರಿಗಾಲಲ್ಲಿ ಬೆಳೆದವರ ಪಾದ ಮುಂದೆ ಅಗಲವಾಗಿರುವುದುಂಟು. ಕಿರುಬೆರಳು ಒತ್ತಿದರೆ ನಂಬರ್ ಏರಿಸಬೇಡಿ, ಅಗಲದ ಮಾದರಿ ಕೇಳಿ.

3. ಬದಿಗೆ ಎಷ್ಟು ವಾಲುತ್ತದೆ?

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದೇ. ನಮ್ಮ ಒಳರಸ್ತೆಗಳು ಕಿರಿದು. ಕಾಂಕ್ರೀಟಿನ ಅಂಚಿಗೂ ಪಕ್ಕದ ಮಣ್ಣಿಗೂ ನಡುವೆ ಎಷ್ಟೋ ಕಡೆ ನಾಲ್ಕು ಬೆರಳು ತಗ್ಗು. ಮಾವಿನಕಟ್ಟೆ ಕಡೆಯಿಂದ ಬಸ್ಸೋ ಪಿಕಪ್ಪೋ ಬಂದರೆ ಓಡುವವರು ಅಂಚಿಗೆ ಸರಿಯಲೇಬೇಕು. ಅರ್ಧ ಪಾದ ಕಾಂಕ್ರೀಟಿನ ಮೇಲೆ, ಅರ್ಧ ಗಾಳಿಯಲ್ಲಿ. ತೆಳು ಅಟ್ಟೆಯಲ್ಲಾದರೆ ಪಾದಕ್ಕೆ ನೆಲ ತಿಳಿಯುತ್ತದೆ, ಸಾವರಿಸಿಕೊಳ್ಳುತ್ತದೆ. ನಾಲ್ಕು ಸೆಂಟಿಮೀಟರ್ ಫೋಮಿನ ಮೇಲಿದ್ದಾಗ ತಿಳಿಯುವುದು ತಡ. ಅಷ್ಟರಲ್ಲಿ ಫೋಮು ಒಂದು ಬದಿಗೆ ಕುಸಿದು ಕಾಲಿನ ಹರಡು ಹೊರಳಿರುತ್ತದೆ. ಎತ್ತರ ಹೆಚ್ಚಿದಷ್ಟೂ ಹೊರಳುವ ರಭಸವೂ ಹೆಚ್ಚು.

ಆದ್ದರಿಂದ ಅಂಗಡಿಯಲ್ಲೇ ಈ ನಾಲ್ಕು ಪರೀಕ್ಷೆ ಮಾಡಿ:

• ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ನೆಲಕ್ಕೆ ತಾಗುವ ಭಾಗ ಮೇಲಿನ ಹಿಮ್ಮಡಿಗಿಂತ ಸ್ಪಷ್ಟವಾಗಿ ಅಗಲವಿರಬೇಕು.
• ಹಿಮ್ಮಡಿಯ ಹಿಂಗೋಡೆಯನ್ನು ಎರಡು ಬೆರಳಲ್ಲಿ ಹಿಂಡಿ. ಸುಲಭವಾಗಿ ಮಡಚಿದರೆ ಬೇಡ.
• ತುದಿಯನ್ನೂ ಹಿಮ್ಮಡಿಯನ್ನೂ ಹಿಡಿದು ತಿರುಚಿ. ಸ್ವಲ್ಪ ತಿರುಗಲಿ, ಪೂರ್ತಿ ಸುರುಳಿಯಾಗಬಾರದು.
• ಎರಡೂ ಕಾಲಿಗೆ ಹಾಕಿ, ಲೇಸ್ ಕಟ್ಟಿ, ಒಂಟಿಕಾಲಲ್ಲಿ ಮಂಡಿ ತುಸು ಬಾಗಿಸಿ ಅರ್ಧ ನಿಮಿಷ ನಿಲ್ಲಿ. ಗೋಡೆ ಹತ್ತಿರವಿರಲಿ. ಬರಿಗಾಲಲ್ಲಿ ನಿಲ್ಲಬಲ್ಲವರು ಶೂನಲ್ಲಿ ಓಲಾಡಿದರೆ ಆ ಮಾದರಿ ನಿಮ್ಮದಲ್ಲ.

ಅಂಗಡಿಯವರು ‘ಹಾಕಿ ಹಾಕಿ ಸರಿಯಾಗುತ್ತದೆ’ ಎನ್ನುತ್ತಾರೆ. ಆಗುವುದಿಲ್ಲ. ಹಾಕಿದಷ್ಟೂ ಫೋಮು ನೀವು ತುಳಿಯುವ ಬದಿಗೇ ಇನ್ನಷ್ಟು ಕುಸಿಯುತ್ತದೆ.

4. ಮಗುಚಿ ನೋಡಿ

ತೂಕ ಇಳಿಸಲು ಕೆಲವು ಮಾದರಿಗಳಲ್ಲಿ ತಳದ ರಬ್ಬರು ಅಲ್ಲಲ್ಲಿ ಮಾತ್ರ ಇರುತ್ತದೆ, ಉಳಿದದ್ದು ಬರೀ ಫೋಮು. ನಮ್ಮ ಜಲ್ಲಿಪುಡಿಗೆ ಅದು ಬೇಗ ಸವೆಯುತ್ತದೆ. ಒದ್ದೆ ಟೈಲ್ಸ್ ಮೇಲೆ, ಪಾಚಿ ಹಿಡಿದ ಅಂಗಳದಲ್ಲಿ ಜಾರುತ್ತದೆ. ಹಿಮ್ಮಡಿಯ ಹೊರಬದಿಗೂ ಹೆಬ್ಬೆರಳಿನ ಬುಡಕ್ಕೂ ರಬ್ಬರು ಇರಲೇಬೇಕು. ಪಾಚಿಯ ಮೇಲೆ ಯಾವ ಶೂವೂ ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ.

5. ಮನೆಯೊಳಗಿನ ಪರೀಕ್ಷೆ

ಆನ್‌ಲೈನಿನಲ್ಲಿ ತರಿಸಿದವರು ಮೇಲಿನದನ್ನೆಲ್ಲ ಗುಡಿಸಿ ಒರೆಸಿದ ಚಾವಡಿಯಲ್ಲೇ ಮಾಡಿ. ಅಂಗಳಕ್ಕೆ ಇಳಿಯಬೇಡಿ, ತಳಕ್ಕೆ ಮಣ್ಣು ತಾಗಿದರೆ ಹಿಂದಿರುಗಿಸುವುದು ಕಷ್ಟ.

6. ಓಟಕ್ಕೆ ಒಗ್ಗಿಸಿ

ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸವನ್ನು ಡ್ರಾಪ್ ಎನ್ನುತ್ತಾರೆ. ಹಳೆಯ ಶೂನಲ್ಲಿ ಅದು 10 ಮಿ.ಮೀ. ಇದ್ದು ಹೊಸದರಲ್ಲಿ 5 ಇದ್ದರೆ ಮೀನಖಂಡದ ಮೇಲೆ ಭಾರ ಹೆಚ್ಚುತ್ತದೆ. ಮೊದಲ ಕೆಲವು ವಾರ ಹೊಸದನ್ನೂ ಹಳೆಯದನ್ನೂ ಒಂದು ದಿನ ಬಿಟ್ಟು ಒಂದು ದಿನ ಹಾಕಿ.

7. ದಿನಬಳಕೆಗೆ?

ನಿಂತು ಕೆಲಸ ಮಾಡುವವರಿಗೆ, ಸಮತಟ್ಟು ನೆಲದಲ್ಲಿ ನಡೆಯುವವರಿಗೆ ಹಿತ. ಆದರೆ ಬೈಕಿಗೆ ಬೇಡ: ದಪ್ಪ ಮೂತಿ ಗೇರಿನ ಕೆಳಗೆ ತೂರುವುದಿಲ್ಲ, ಬ್ರೇಕು ಪಾದಕ್ಕೆ ತಿಳಿಯುವುದಿಲ್ಲ. ನಾವು ಮನೆ, ದೇವಸ್ಥಾನಗಳೆಂದು ಪದೇಪದೇ ಶೂ ಬಿಚ್ಚುವವರು. ಲೇಸ್ ಬಿಚ್ಚದೆ ಹಿಂಗೋಡೆ ತುಳಿದು ಪಾದ ತೂರಿಸಿದರೆ ಮೂರನೇ ಹೆಜ್ಜೆಯಲ್ಲಿ ಹುಡುಕಿ ಪಡೆದ ಹಿಡಿತ ಹೋಯಿತು. ಮಧುಮೇಹದಿಂದ ಪಾದ ಜೋಮು ಹಿಡಿಯುವವರು ವೈದ್ಯರನ್ನು ಕೇಳಿಯೇ ಕೊಳ್ಳಿ.

8. ಆರೈಕೆ

ಮಳೆಗೆ ನೆನೆದರೆ ಒಳಹಾಸು ತೆಗೆದು, ಪತ್ರಿಕೆ ತುರುಕಿ, ಫ್ಯಾನ್ ಕೆಳಗಿಡಿ. ಬಚ್ಚಲೊಲೆಯ ಬಳಿ ಬೇಡ, ಅಂಟು ಬಿಡುತ್ತದೆ. 500ರಿಂದ 800 ಕಿ.ಮೀ. ಓಡಿದ ಮೇಲೆ, ಅಥವಾ ಒಂದು ಬದಿಗೆ ವಾಲಿದ ಕೂಡಲೇ, ಓಟಕ್ಕೆ ನಿಲ್ಲಿಸಿ.

ಒಂದೇ ಜೋಡಿ ಕೊಳ್ಳುವವರಿಗೆ ನನ್ನ ಸಲಹೆ: ಅಂಗಡಿಯ ಅತಿ ದಪ್ಪದ್ದನ್ನು ಬಿಡಿ, 30 ಮಿ.ಮೀ. ಆಸುಪಾಸಿನ, ತಳ ಅಗಲವಾದ, ರಬ್ಬರು ತುಂಬಿದ ಶೂ ಆರಿಸಿ.