ಎರಡು ಫೋನು, ಎರಡು ಚಪ್ಪಾಳೆ

ತರಗತಿಯಲ್ಲಿ ಮೊಬೈಲ್ ಎಂದೊಡನೆ ನಿಮಗೆ ವಿಡಿಯೊ ಪಾಠ ನೆನಪಾಗಬಹುದು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದೀಕ್ಷಾ ಆ್ಯಪ್‌ನಲ್ಲಿ ಪಾಠ ನೋಡುವುದು ಒಳ್ಳೆಯದೇ. ಆದರೆ ನನಗೆ ಅದಕ್ಕಿಂತ ಪ್ರಿಯವಾದ ಉಪಯೋಗ ಇನ್ನೊಂದಿದೆ: ಫೋನಿನಿಂದ ಅಳೆಯುವುದು.

ನಿಮ್ಮ ಫೋನಿನೊಳಗೆ ಹಲವು ಸಂವೇದಕಗಳಿವೆ. ಸಂವೇದಕವೆಂದರೆ ಬೆಳಕು, ಶಬ್ದ, ಚಲನೆಯಂಥವನ್ನು ಗ್ರಹಿಸಿ ವಿದ್ಯುತ್ ಸಂಕೇತವಾಗಿಸುವ ಪುಟ್ಟ ಭಾಗ. ಫೋನನ್ನು ಅಡ್ಡ ಹಿಡಿದರೆ ಪರದೆಯ ಚಿತ್ರವೂ ತಿರುಗುತ್ತದಲ್ಲ, ಅದು ಸಂವೇದಕದ ಕೆಲಸ. ಮೈಕ್ ಕೂಡ ಸಂವೇದಕವೇ. ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್ ಈ ಅಳತೆಗಳನ್ನು ಅಂಕಿಗಳಲ್ಲಿ ತೋರಿಸುತ್ತದೆ. ಒಮ್ಮೆ ಹಾಕಿಕೊಂಡರೆ ಮುಂದೆ ಇಂಟರ್‌ನೆಟ್ ಬೇಡ. ಮಕ್ಕಳು ಫೋನ್ ತರಬೇಕಾಗಿಯೂ ಇಲ್ಲ. ಶಿಕ್ಷಕರ ಎರಡು ಫೋನು ಸಾಕು.

ಮೊದಲ ಪ್ರಯೋಗಕ್ಕೆ ಶಬ್ದದ ವೇಗವನ್ನೇ ಹಿಡಿಯೋಣ. ಆ್ಯಪ್‌ನಲ್ಲಿ ಸದ್ದಿಗೆ ಓಡುವ ಸ್ಟಾಪ್‌ವಾಚ್ ಇದೆ: ಮೊದಲ ಸದ್ದಿಗೆ ಶುರುವಾಗುತ್ತದೆ, ಎರಡನೆಯದಕ್ಕೆ ನಿಲ್ಲುತ್ತದೆ. ಟೇಪಿನಿಂದ ಅಳೆದು, 5 ಮೀಟರ್ ಅಂತರದಲ್ಲಿ ಎರಡು ಫೋನುಗಳನ್ನಿಡಿ. ಒಂದೊಂದರ ಪಕ್ಕ ಒಬ್ಬೊಬ್ಬ ವಿದ್ಯಾರ್ಥಿ ನಿಲ್ಲಲಿ. ಮೊದಲನೆಯವಳು ಚಪ್ಪಾಳೆ ತಟ್ಟಿದಾಗ ಅವಳ ಫೋನು ತಕ್ಷಣ ಓಡತೊಡಗುತ್ತದೆ. ಸದ್ದು 5 ಮೀಟರ್ ದಾಟಿದ ಮೇಲೆ ಇನ್ನೊಂದು. ಸ್ವಲ್ಪ ಹೊತ್ತು ಬಿಟ್ಟು ಎರಡನೆಯವನು ತಟ್ಟಲಿ. ಈಗ ಅವನ ಫೋನು ಮೊದಲು ನಿಲ್ಲುತ್ತದೆ, ಅವಳದು ತಡವಾಗಿ. ಅಂದರೆ ಅವಳ ಫೋನು ಬೇಗ ಶುರುವಾಗಿ ತಡವಾಗಿ ನಿಂತಿತು. ಎರಡೂ ಫೋನುಗಳ ಸಮಯದ ವ್ಯತ್ಯಾಸವೇ ಶಬ್ದವು 10 ಮೀಟರ್ ಸಾಗಲು ತೆಗೆದುಕೊಂಡ ಕಾಲ. ಅದು ಸುಮಾರು 0.029 ಸೆಕೆಂಡ್ ಬರಬೇಕು. ಇಲ್ಲಿ ಅವಸರ ಬೇಡ. ಕಪ್ಪುಹಲಗೆಯ ಮೇಲೆ ಚಿತ್ರ ಬರೆದು, ಬೇಕಾದರೆ ಎರಡು ಸಲ ವಿವರಿಸಿ. ಪ್ರಯೋಗದ ಜೀವಾಳ ಈ ವ್ಯತ್ಯಾಸದಲ್ಲೇ ಇದೆ.

10ನ್ನು ಆ ಕಾಲದಿಂದ ಭಾಗಿಸುವ ಕೆಲಸ ಮಕ್ಕಳದ್ದು. 22 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ನಿಮ್ಮವರಿಗೆ 320 ಬರಬಹುದು, 370 ಬರಬಹುದು. ತಪ್ಪೆಂದು ಅಳಿಸಬೇಡಿ. ಕೈಗಳು ಫೋನಿನಿಂದ ಎಷ್ಟು ದೂರವಿದ್ದವು, ಟೇಪು ಸಡಿಲವಾಗಿತ್ತೇ ಎಂದು ಅವರನ್ನೇ ಕೇಳಿ. ಹೊರಗಿನ ಗದ್ದಲಕ್ಕೇ ಗಡಿಯಾರ ಓಡತೊಡಗಿದರೆ, ಎಷ್ಟು ಜೋರಿನ ಸದ್ದಿಗೆ ಅದು ಎಚ್ಚರಗೊಳ್ಳಬೇಕು ಎಂಬ ಮಟ್ಟವನ್ನು ಆ್ಯಪ್‌ನಲ್ಲಿ ಏರಿಸಿ. ಚಪ್ಪಾಳೆಯ ಬದಲು ಬಿಸಿಯೂಟದ ತಟ್ಟೆಗೆ ಸೌಟಿನಿಂದ ಹೊಡೆಯಿರಿ. ಆಮೇಲೆ ಅಂತರವನ್ನು 10 ಮೀಟರಿಗೆ ಹೆಚ್ಚಿಸಿ, ವ್ಯತ್ಯಾಸ ಎಷ್ಟಾಗಬೇಕೆಂದು ಫೋನು ನೋಡುವ ಮೊದಲೇ ಮಕ್ಕಳಿಂದ ನೋಟ್ಸಿನಲ್ಲಿ ಬರೆಸಿ.