ಎಕ್ಸೀಡ್ ಎಂದರೆ ಮೀರು

ಕಾಮರ್ಸ್ ಓದುವವರಿಗೆ ಮತ್ತೆ ಮತ್ತೆ ಎದುರಾಗುವ ಕ್ರಿಯಾಪದ ‘ಎಕ್ಸೀಡ್’. ಲ್ಯಾಟಿನ್‌ನಲ್ಲಿ ‘ಎಕ್ಸ್’ ಎಂದರೆ ಹೊರಗೆ, ‘ಸೆಡೆರೆ’ ಎಂದರೆ ಹೋಗು. ಗೆರೆ ದಾಟಿ ಹೋಗುವುದೇ ಎಕ್ಸೀಡ್, ಕನ್ನಡದಲ್ಲಿ ಮೀರು.

ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ನೀರು ಅದನ್ನು ಮೀರಬಾರದೆಂದೇ ಗೇಟು ತೆರೆದು ಹೊಳೆನರಸೀಪುರದ ಕಡೆಗೆ ಬಿಡುತ್ತಾರೆ. ಇಂಗ್ಲಿಷಿನಲ್ಲಿ ಇದು ‘ಎಕ್ಸೀಡ್ ದಿ ಲೆವೆಲ್’. ‘ಎಕ್ಸೀಡ್ ದ್ಯಾನ್’, ‘ಎಕ್ಸೀಡ್ ಓವರ್’ ಎರಡೂ ತಪ್ಪು. ‘ಗಿಂತ ಹೆಚ್ಚು’ ಎಂಬ ಅರ್ಥ ಕ್ರಿಯಾಪದದೊಳಗೇ ಇದೆ.

ಗೊಂದಲ ಹುಟ್ಟುವುದು ಅಕೌಂಟೆನ್ಸಿಯಲ್ಲಿ. ‘ಎಕ್ಸೆಸ್ ಆಫ್ ಇನ್‌ಕಮ್ ಓವರ್ ಎಕ್ಸ್‌ಪೆಂಡಿಚರ್’ ಸರಿ, ಏಕೆಂದರೆ ‘ಎಕ್ಸೆಸ್’ ನಾಮಪದ. ಕ್ರಿಯಾಪದ ಬಳಸಿದಾಗ ‘ಇನ್‌ಕಮ್ ಎಕ್ಸೀಡ್ಸ್ ಎಕ್ಸ್‌ಪೆಂಡಿಚರ್’ ಅಂದರೆ ಸಾಕು. ಎರಡು ಪದ ಅದಲುಬದಲಾದರೆ ಉಳಿತಾಯ ಹೋಗಿ ಕೊರತೆಯಾಗುತ್ತದೆ!

ಉರ್ದು ಮನೆಮಾತಿನ ನಮಗೆ ಇಂಗ್ಲಿಷ್ ದೂರ, ಕನ್ನಡವೂ ದೂರ ಎನ್ನುವವರಿದ್ದಾರೆ. ಆದರೆ ‘ಹದ್ದು ಮೀರಬೇಡ’ ಎಂಬಲ್ಲಿನ ‘ಹದ್ದು’ ಅರಬ್ಬಿಯಿಂದ ಉರ್ದುವಿಗೆ ಬಂದ ‘ಹದ್’. ಅರಕಲಗೂಡು, ಚನ್ನರಾಯಪಟ್ಟಣದ ರೈತರು ಜಮೀನಿನ ‘ಹದ್ದುಬಸ್ತು’ ಎನ್ನುವಾಗಲೂ ಅದೇ ಪದ. ನಮ್ಮ ಮನೆಯ ಮಾತು ಕನ್ನಡದಲ್ಲಿ ಆಗಲೇ ಕುಳಿತಿದೆ. ಇಂಗ್ಲಿಷನ್ನೂ ಅಂಜದೆ ಕಲಿಯೋಣ.